ಕೂರಲು ಕಲಿಯಬೇಕೆಂದವನ ಯಂತ್ರ

ತುಂಗಭದ್ರೆಯ ದಂಡೆಯ ಮೇಲೆ, ಮಠದ ಮುಂದೆ, ಒಬ್ಬ ಅಜ್ಜಾರು ಕೂತಿದ್ದರು.

ಕೂತಿದ್ದರು ಅಂದರೆ ನಾವು ನೀವು ಕೂತ ಹಾಗಲ್ಲ. ಸುತ್ತ ಏಳು ಸೀಮೆಯಲ್ಲಿ ಅಂಥ ಕೂರುವಿಕೆ ಇನ್ನೊಬ್ಬರಿಗೆ ಒಲಿದಿಲ್ಲ. ಒಮ್ಮೆ ಮೊಸಳೆಯೊಂದು ಬಂಡೆಯೆಂದು ತಿಳಿದು ಅವರ ತೊಡೆಯ ಮೇಲೆ ಗದ್ದ ಊರಿ, ಮಧ್ಯಾಹ್ನದ ನಿದ್ದೆ ಮುಗಿಸಿ, ಎಚ್ಚರವಾದ ಮೇಲೆ ನಾಚಿಕೊಂಡು ನೀರಿಗಿಳಿಯಿತು. ಸುಳ್ಳು ಎನ್ನುವವರು ಮೊಸಳೆಯನ್ನೇ ಕೇಳಿಕೊಂಡು ಬರಲಿ. ಮಿಂಚುಳ್ಳಿಗಳಂತೂ ಅವರ ಹೆಗಲ ಮೇಲೆ ಕೂತೇ ಮೀನು ಹೊಂಚುತ್ತಿದ್ದವು.

ಅವರ ಬಳಿಗೆ ಗವಿಸಿದ್ದ ಬಂದ. ಊರಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನು. ಹೆಂಡತಿ ಶಿವಲೀಲಾ ತೀರಿಕೊಂಡಾಗಿನಿಂದ ಅವನಿಗೆ ಕೂರಲು ಆಗುತ್ತಿರಲಿಲ್ಲ. ನಿಂತೇ ಉಣ್ಣುತ್ತಿದ್ದ, ನಿಂತೇ ತೂಕಡಿಸುತ್ತಿದ್ದ. ಪಡಸಾಲೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಪಡಸಾಲೆಗೆ ಅವನು ನಡೆದ ದಾರಿಯನ್ನು ಉದ್ದಕ್ಕೆ ಹಾಸಿದ್ದರೆ ಕಾಶಿ ಮುಟ್ಟಿ ತಿರುಗಿ ಬರಬಹುದಿತ್ತು.

"ಅಜ್ಜಾರ, ಕುಂದ್ರಾಕ ಆಗವಲ್ದ್ರಿ."

"ಯಾಕ?"

"ಕುಂತ್ರ ಆಕಿ ನೆಪ್ಪಾಗ್ತಾಳ್ರಿ."

ಅಜ್ಜಾರು ತಮ್ಮ ಪಕ್ಕದ ಚಾಪೆ ತಟ್ಟಿದರು. "ಬಾ. ಕುಂದ್ರು. ಕಲಿಸ್ತೀನಿ."

"ಈಗೇನ್ರಿ?"

"ಮತ್ತ್ಯಾವಾಗ?"

ಗವಿಸಿದ್ದ ಕೈ ಹೊಸೆದ. "ನಾ ಇಲ್ಲಿ ಕುಂತ್ರ ಹೊಟ್ಟಿಗೆ ದುಡ್ಯಾಂವ್ರು ಯಾರ್ರೀ? ಒಂದ ವ್ಯವಸ್ಥಾ ಮಾಡಿ ಬರ್ತೀನಿ. ತಾನ ದುಡಿಯೋ ಮಷೀನ್ ಒಂದ ಮನ್ಯಾಗ ಕುಂಡ್ರಿಸಿಬಿಟ್ರ, ಆಮ್ಯಾಲ ಜೀವ ಇರೋತನಕಾ ನಿಮ್ಮ ಬಾಜೂಕ ಕುಂದ್ರತೀನಿ."

"ಬರ್ತೀ?"

"ನಿಮ್ಮ ಪಾದದ ಆಣಿ. ಇವತ್ತ ಅಲ್ಲದಿದ್ರ ನಾಳಿ."

ಅಜ್ಜಾರು ತಲೆಯಾಡಿಸಿದರು.

ನಾಳೆ ಅವನು ಬಂದ. ಕೂರಲಿಕ್ಕಲ್ಲ, ಕೇಳಲಿಕ್ಕೆ.

"ಗ್ರಾಫಿಕ್ಸ್ ಕಾರ್ಡ್ ಅಂತ ಇರತಾವ್ರಿ ಅಜ್ಜಾರ. ಹುಡುಗ್ರು ಕಂಪ್ಯೂಟರಿನ್ಯಾಗ ಆಟ ಆಡ್ತಾರಲ್ಲ, ಅದರ ಚಿತ್ರಾ ಓಡಸೋ ಕಾರ್ಡು. ಅಂಥಾವು ಆರು ಸಾಲಾಗಿ ಹಚ್ಚಿದ್ರ ಹಗಲಿ ರಾತ್ರಿ ನಾಣ್ಯ ಅಗೀತಾವು."

"ನೆಲಾ ಅಗೀತಾವೇನು?"

"ಇಲ್ರಿ. ಊಹೆ ಮಾಡ್ತಾವು. ಒಂದ ದೊಡ್ಡ ಸಂಖ್ಯಾ ಊಹಿಸ್ತಾವು, ತಪ್ಪು. ಇನ್ನೊಂದು, ತಪ್ಪು. ಕಣ್ಣ ಪಿಳಕಿಸೂದ್ರಾಗ ಕೋಟಿಗಟ್ಟಲೆ. ಯಾವುದರ ಒಂದ ಸರಿ ಹತ್ತಿತೋ, ಒಂದ ನಾಣ್ಯ."

"ನಾಣ್ಯ ಕೈಯಾಗ ಹಿಡ್ಯಾಕ ಬರತೈತೇನು?"

"ಇಲ್ರಿ. ಬರೇ ಲೆಕ್ಕದಾಗ ಇರತೈತಿ."

"ತಪ್ಪಾದ ಊಹೆ ಎಲ್ಲಿ ಹೋಗ್ತಾವ?"

ಗವಿಸಿದ್ದ ತಲೆ ಕೆರೆದುಕೊಂಡ. ಇದನ್ನು ಯಾವ ಗಿರಾಕಿಯೂ ಕೇಳಿರಲಿಲ್ಲ. "ಬಿಸಿ ಆಗಿ ಹೋಗ್ತಾವ್ರಿ."

ಅಜ್ಜಾರು ಮತ್ತೆ ಚಾಪೆ ತಟ್ಟಿದರು.

"ಇದೊಂದ ಹೇಳಿಬಿಡ್ರಿ," ಅಂದ ಗವಿಸಿದ್ದ. "ದೇವರ ದರ್ಶನಾದ್ರೂ ಆದೀತು, ಹೊಸಾ ಕಾರ್ಡು ಸಿಗಂಗಿಲ್ಲ. ಗಂಗಾವತಿಯಾಗ ಒಬ್ಬಾಂವ ತಾನು ಬಳಸಿದ್ದು ಮಾರಾಕತ್ಯಾನ. ತಗೊಳ್ಳೋದೋ ಬ್ಯಾಡೋ?"

"ಅಂವ ಯಾಕ ಮಾರಾಕತ್ಯಾನ?"

"ಸಾಕಾತಂತ್ರಿ ಅವಗ."

"ಏನ ಸಾಕಾತಂತ?"

"ಅದನ್ನ ಕೇಳಲಿಲ್ರಿ. ಮೆಮೊರಿ ಎಷ್ಟ ಐತಿ, ಕರೆಂಟ್ ಎಷ್ಟ ಎಳೀತೈತಿ, ಫ್ಯಾನ್ ಸಪ್ಪಳಾ ಮಾಡ್ತಾವೋ ಹೆಂಗ, ಉಳಿದದ್ದೆಲ್ಲಾ ಕೇಳೀನಿ."

"ಉಳಿದದ್ದೆಲ್ಲಾ ಕೇಳಿದಿ," ಅಂದರು ಅಜ್ಜಾರು.

ಗವಿಸಿದ್ದ ಅದನ್ನು ಒಪ್ಪಿಗೆ ಎಂದುಕೊಂಡು ಗಂಗಾವತಿ ಬಸ್ಸು ಹತ್ತಿದ.

ಕಾರ್ಡುಗಳು ಬಂದವು. ಅವನ್ನು ಒತ್ತೊತ್ತಾಗಿ ಪೆಟ್ಟಿಗೆಯೊಳಗೆ ತುರುಕಿದರೆ ಸುಟ್ಟುಹೋಗುತ್ತವೆ. ಒಂದರಿಂದ ಒಂದು ಗೇಣು ದೂರವಿಟ್ಟು, ಗಾಳಿ ಆಡುವಂತೆ ತೆರೆದ ಚೌಕಟ್ಟಿಗೆ ತೂಗುಹಾಕಬೇಕು. ಅದಕ್ಕೆ ಒಳ್ಳೆ ಒಣಗಿದ ಕಟ್ಟಿಗೆ ಬೇಕು. ಊರ ಬಡಿಗ ಮುಂದಿನ ಅಮಾವಾಸ್ಯೆ ಅಂದ. ಅಲ್ಲಿಯವರೆಗೆ ತಡೆಯುವುದು ಹೇಗೆ? ಗವಿಸಿದ್ದ ಮನೆಯೆಲ್ಲ ಕಣ್ಣಾಡಿಸಿದ. ಒಣಗಿದ ಸಾಗವಾನಿ ಕಣ್ಣೆದುರೇ ಇತ್ತು.

ಮಠದಲ್ಲಿ ಅಡುಗೆ ಮಾಡುವ ಸಾವಂತ್ರೆವ್ವನಿಗೆ ಸುದ್ದಿ ತಲುಪಿತು; ಅವನು ಅಲ್ಲಿ ಉಣ್ಣಲು ಬಂದಾಗ ಹಿಡಿದಳು. ಆ ಮುದುಕಿಯ ನಾಲಗೆ ಎಂಥದೆಂದರೆ, ಅದರಿಂದ ಕಬ್ಬು ಸುಲಿಯಬಹುದಿತ್ತು.

"ಲೇ ಗವಿಸಿದ್ಯಾ, ಮಂಚಾ ಬಿಚ್ಚಿದಿಯಂತಲ್ಲ?"

"ಹೂಂ ಯವ್ವಾ. ಚೌಕಟ್ಟಿಗೆ."

"ಇಬ್ಬರ ಮಂಚಾ?"

"ಮನ್ಯಾಗ ಇನ್ನೊಂದ ಎಲ್ಲೈತಿ?"

"ನೀ ಎಲ್ಲಿ ಮಲಗ್ತೀ?"

"ನೆಲಾ ಇಲ್ಲೇನು?"

"ಭಾರೀ ಶಾಣ್ಯಾ! ಮಷೀನಿಗೆ ಸಾಗವಾನಿ, ಮನುಷ್ಯಾಗ ಮಣ್ಣು. ನಾಳೆ ಅದಕ್ಕೊಂದ ಕೌದಿ ಹೊಲಿಸು, ಥಂಡಿ ಹತ್ತೀತು."

ಅವಳು ನಗುತ್ತ ಅಂದಳು. ಆಮೇಲೆ ನಗು ನಿಲ್ಲಿಸಿ, ಅವನ ತಟ್ಟೆಗೆ ಕೇಳದೆಯೇ ಇನ್ನೊಂದು ರೊಟ್ಟಿ ಹಾಕಿದಳು. ಅವನು ನಿಂತೇ ತಿಂದ.

ಕರೆಂಟು ಹಂಚುವ ಪೆಟ್ಟಿಗೆಯನ್ನು ಅವನು ಸೋವಿಯದು ಕೊಂಡಿದ್ದ. ತಾನೇ ಗಿರಾಕಿಗಳಿಗೆ "ರೊಕ್ಕಾ ಎಲ್ಲಿ ಬೇಕಾದ್ರೂ ಉಳಿಸ್ರಿ, ಇದರಾಗ ಉಳಿಸಬ್ಯಾಡ್ರಿ" ಎಂದು ಹೇಳುತ್ತಿದ್ದವನು. ಸಾಲದ್ದಕ್ಕೆ ಬೆರಳು ದಪ್ಪದ ವೈರು ಬೇಕಾದಲ್ಲಿ ಶಾವಿಗೆಯಂಥ ವೈರು ಹಾಕಿದ. ಹಚ್ಚಿದ ಮೊದಲ ಮುಂಜಾನೆಯೇ ಪ್ಲಗ್ಗು ಕರಗಿ ಬೆಲ್ಲದ ಪಾಕವಾಯಿತು. ಅದರ ನಾತ ಮೂರು ಊರು ದಾಟಿ, ನಾಲ್ಕನೇ ಊರಿನವರು ತಮ್ಮ ಬಣವೆಗೆ ಬೆಂಕಿ ಬಿತ್ತೆಂದು ಕೊಡ ಹಿಡಿದು ಓಡಿದರು.

ಎಲ್ಲ ಬಿಚ್ಚಿ, ಎಲ್ಲ ಹೊಸದಾಗಿ ಕಟ್ಟಿದ. ಅಂಗಡಿಯ ಬಾಗಿಲು ತೆರೆಯಲು ಪುರುಸೊತ್ತಾಗಲಿಲ್ಲ.

ಯಂತ್ರ ಓಡಿತು. ಓಡಿತು ಅಂದರೆ, ಆ ಸದ್ದಿಗೆ ಮನೆಯ ಪಾತ್ರೆಗಳು ತಾವಾಗಿ ತಾಳ ಹಾಕಿದವು. ಬೇಸಿಗೆ ಬಂತು. ಕೋಣೆಯಲ್ಲಿ ಮರೆತಿಟ್ಟ ಅಕ್ಕಿ ತಾನೇ ಅರಳಿ ಮಂಡಕ್ಕಿಯಾಯಿತು. ಹಲ್ಲಿಗಳು ಮಕ್ಕಳು ಮರಿ ಕಟ್ಟಿಕೊಂಡು ಪಕ್ಕದ ಮನೆಗೆ ಬಿಡಾರ ಬದಲಿಸಿದವು. ಗವಿಸಿದ್ದ ಮನೆಯಲ್ಲಿದ್ದ ಒಂದೇ ಫ್ಯಾನನ್ನು ಯಂತ್ರದ ಕಡೆ ತಿರುಗಿಸಿ, ತಾನು ರಟ್ಟಿನಿಂದ ಗಾಳಿ ಬೀಸಿಕೊಂಡ.

ಮತ್ತೆ ಹೊಳೆಗೆ ಓಡಿದ.

"ಅಜ್ಜಾರ, ಎಲ್ಲಾ ಆತು. ಬಿಸಿ ಒಂದ ತಡ್ಯಾಕ ಆಗವಲ್ದು. ಬಿಸಿ ಇಳಿದ್ರ ಬಂದಬಿಡ್ತೀನಿ. ಏನ ಮಾಡ್ಲಿ?"

ನಡುಮಧ್ಯಾಹ್ನ. ಅಜ್ಜಾರು ಅವನ ಕೈಗೆ ತಂಬಿಗೆ ಕೊಟ್ಟರು.

"ಈ ಉಸುಕಿಗೆ ನೀರ ಹಾಕು. ತಣ್ಣಗಾಗಲಿ."

ಗವಿಸಿದ್ದ ಹೊಳೆಯಿಂದ ನೀರು ತಂದು ಸುರಿದ. ಉಸುಕು ಚುರ್ ಅಂದು ಕುಡಿಯಿತು. ಇನ್ನೊಂದು ತಂಬಿಗೆ. ಮತ್ತೊಂದು. ಅಂಗಾಲು ಸುಟ್ಟವು.

"ತಣ್ಣಗಾತೇನು?"

"ಎಲ್ಲೀದ್ರೀ. ಹೊತ್ತ ಮುಳುಗಬೇಕು, ಆವಾಗ ತಣ್ಣಗಾಗತೈತಿ."

"ಮತ್ತ, ಮುಳುಗಲಾರದ ಸೂರ್ಯಾನ್ನ ಮನ್ಯಾಗ ಯಾಕ ಕಟ್ಟಿ ಹಾಕೀದಿ?"

ಗವಿಸಿದ್ದ ಇದನ್ನು ದಾರಿಯುದ್ದಕ್ಕೂ ಯೋಚಿಸಿದ. ಬಹಳ ಆಳವಾದ ಮಾತು ಅನಿಸಿತು. ಮನೆಗೆ ಹೋಗಿ ಗೋಡೆ ಒಡೆದು, ಬಿಸಿಗಾಳಿ ಹೊರಗೆ ತಳ್ಳುವ ದೊಡ್ಡ ಫ್ಯಾನು ಕೂರಿಸಿದ.

ಮಳೆ ಬಂತು, ಹೋಯಿತು. ಕೊನೆಗೆ ಒಂದು ದಿನ ಯಂತ್ರಕ್ಕೆ ಯಾವ ಕೊರತೆಯೂ ಉಳಿಯಲಿಲ್ಲ. ಆರೂ ಕಾರ್ಡು ತಣ್ಣಗೆ, ಒಂದೇ ಶ್ರುತಿಯಲ್ಲಿ ಓಡುತ್ತಿದ್ದವು. ಅಂಥ ಯಂತ್ರ ತುಂಗಭದ್ರೆಯ ಈ ದಂಡೆಯಲ್ಲೂ ಇರಲಿಲ್ಲ, ಆ ದಂಡೆಯಲ್ಲೂ ಇರಲಿಲ್ಲ. ಗವಿಸಿದ್ದ ಸ್ನಾನ ಮಾಡಿ, ಮಡಿ ಪಂಚೆ ಉಟ್ಟು, ಹೊಳೆಗೆ ಬಂದು, ಅಜ್ಜಾರ ಪಕ್ಕದ ಚಾಪೆಯ ಮೇಲೆ ಕೂತ.

ಅಜ್ಜಾರ ಮುಖ ಅರಳಿತು. ಈ ನಡುವೆ ಅವರು ಬಡಕಲಾಗಿದ್ದರು. ಕೊರಳ ನರ ಎಣಿಸಬಹುದಿತ್ತು.

"ಏನ ಕೇಳತೈತಿ?"

"ಫ್ಯಾನ್ ಸಪ್ಪಳ್ರಿ."

"ಇಲ್ಲೆಲ್ಲಿ ಫ್ಯಾನೋ?"

"ಕಿವ್ಯಾಗ ಐತ್ರಿ."

"ಹೊಳಿ?"

ಗವಿಸಿದ್ದ ಕಿವಿಗೊಟ್ಟ. ಹೊಳೆ ಅವನೆದುರೇ ಬಂಡೆಗೆ ಬಡಿದು ಹರಿಯುತ್ತಿತ್ತು. "ಹೊಳಿ ಕೇಳವಲ್ದ್ರಿ ಅಜ್ಜಾರ."

"ಇರು. ಕೇಳತೈತಿ."

ಅಷ್ಟರಲ್ಲಿ ಅಂಗಿಯ ಕಿಸೆಯಲ್ಲಿ ಫೋನು ನಡುಗಿತು. ಒಂದು ಕಾರ್ಡು ನಿಂತಿದೆ ಎಂದು ಯಂತ್ರ ಮನೆಯಿಂದಲೇ ವರದಿ ಕಳಿಸಿತ್ತು. ಗವಿಸಿದ್ದ ಎದ್ದ.

"ಬಂದೆ ಅಜ್ಜಾರ. ಇದೊಂದ ನೋಡಿ ಬಂದಬಿಟ್ಟೆ."

ಅಜ್ಜಾರ ಹೆಗಲ ಮೇಲಿದ್ದ ಮಿಂಚುಳ್ಳಿ ಪುರ್ರನೆ ಹಾರಿತು. ತಾನು ಎದ್ದ ರಭಸಕ್ಕೆ ಬೆದರಿತು ಎಂದುಕೊಂಡ ಗವಿಸಿದ್ದ.

ಬಂದಬಿಟ್ಟೆ ಎಂದವನು ಚಳಿಗಾಲ ಕಳೆದರೂ ಬರಲಿಲ್ಲ. ಒಂದು ಕಾರ್ಡು ಎದ್ದರೆ ಇನ್ನೊಂದು ಮಲಗುತ್ತಿತ್ತು. ಕೂಸಿನ ಹಾಗೆ ಸಾಕಬೇಕಿತ್ತು. ಶಿವಲೀಲಾ ಇದ್ದಿದ್ದರೆ ಕೂಸೇ ಇರುತ್ತಿತ್ತೇನೋ ಎಂದು ಒಮ್ಮೆ ಅನಿಸಿತು. ಬೇಗ ಹೋಗಿ ಫ್ಯಾನಿನ ಧೂಳು ಒರೆಸಿದ.

ಆಮೇಲೆ ಒಂದು ದಿನ, ಆ ನಾಣ್ಯದ ಜನ, ಎಲ್ಲಿದ್ದಾರೋ ಯಾರೋ, ಕಾಯಿದೆ ಬದಲಿಸಿದರು. ಇನ್ನು ಊಹಿಸುವವರು ಬೇಡ ಅಂದರು. ಅಷ್ಟೇ. ಜಗಳವಿಲ್ಲ, ಗದ್ದಲವಿಲ್ಲ. ಬೆಳಗಾಗುವಷ್ಟರಲ್ಲಿ ಗವಿಸಿದ್ದನ ಯಂತ್ರ ಯಾರಿಗೂ ಬೇಡದ ಯಂತ್ರವಾಯಿತು.

ಅವನು ಅದನ್ನು ಆರಿಸಲಿಲ್ಲ. ನಾಯಿಯೂ ಮೂಸದ ಯಾವುದೋ ಬೇರೆ ನಾಣ್ಯಕ್ಕೆ ಹಚ್ಚಿದ. ಅದು ಬಿಟ್ಟು ಇನ್ನೊಂದಕ್ಕೆ. ಫ್ಯಾನುಗಳು ತಿರುಗುತ್ತಲೇ ಇದ್ದವು.

ಸಾವಂತ್ರೆವ್ವ ಒಂದು ಮಧ್ಯಾಹ್ನ ಬುತ್ತಿ ಕಟ್ಟಿಕೊಂಡು ಅವನ ಮನೆಗೇ ಬಂದಳು. ಮಾತು ಕೇಳಿಸದೆ ಕೂಗಿದಳು.

"ಈಗ ಏನರ ದುಡೀತೈತೇನೋ ಇದು?"

"ಏನೂ ಇಲ್ಲ ಯವ್ವಾ."

"ಮತ್ತ ಯಾಕ ಹಚ್ಚಿ ಬಿಟ್ಟಿ?"

"ಆರಿಸಿದ್ರ ಮನಿ ಸುಮ್ಮನಾಗತೈತಿ."

ಅವಳು ಬುತ್ತಿ ಬಿಚ್ಚಿಟ್ಟಳು. ಹೊಸ್ತಿಲು ದಾಟುವಾಗ, "ಅಜ್ಜಾರಿಗೆ ಆರಾಮಿಲ್ಲ. ಬರೋದಿದ್ರ ಲಗೂನ ಬಾ," ಅಂದಳು.

ಅವಳು ಹೋದ ಮೇಲೆ ಅವನು ಗುಂಡಿ ಒತ್ತಿದ.

ಫ್ಯಾನುಗಳು ಒಂದೊಂದಾಗಿ ನಿಧಾನಿಸಿದವು, ನಿಂತವು. ಗೋಡೆಯ ಗಡಿಯಾರ ಕೇಳಿಸಿತು. ನೀರಿನ ಕೊಡ ತೊಟ್ಟಿಕ್ಕುವುದು ಕೇಳಿಸಿತು. ಆಮೇಲೆ ಅಡುಗೆಮನೆಯಲ್ಲಿ ಯಾರೂ ಇಲ್ಲದಿರುವುದು ಕೇಳಿಸಿತು. ಶಿವಲೀಲಾ ತೀರಿಕೊಂಡ ದಿನ ಎಷ್ಟು ಜೋರಾಗಿ ಕೇಳಿಸಿತ್ತೋ ಅಷ್ಟೇ ಜೋರಾಗಿ. ಒಂದಿಷ್ಟೂ ಕಮ್ಮಿಯಾಗಿರಲಿಲ್ಲ.

ಕೂರಬೇಕು ಅನಿಸಿತು. ಮಂಚ ಇರಲಿಲ್ಲ.

ಅವನು ಹೊಳೆಗೆ ನಡೆದ. ಮಠದ ಕಟ್ಟೆಗೆ ಒರಗಿಸಿ ಅಜ್ಜಾರನ್ನು ಮಲಗಿಸಿದ್ದರು. ಸಾವಂತ್ರೆವ್ವ ತಲೆದೆಸೆಯಲ್ಲಿದ್ದಳು. ಹೊಳೆ ಅವರ ಬೆನ್ನಿಗಿತ್ತು. ಮುಖ ಊರಿನ ದಾರಿಯ ಕಡೆಗಿತ್ತು.

"ಹೊಳಿ ಕಡೆ ತಿರುಗಿಸಿ ಮಲಗಸಬಾರದೇನ ಯವ್ವಾ?"

"ನಾ ಎಷ್ಟ ಸಲ ತಿರುಗಿಸಿದೆ. ತಾವ ಹೊಳ್ಳಿ ದಾರಿ ಕಡೆ ತಿರಗತಾರ."

ಗವಿಸಿದ್ದ ಅಜ್ಜಾರ ಕೈ ಹಿಡಿದ. ಒಣಗಿದ ಎಲೆಯಷ್ಟು ಹಗುರ.

"ಅಜ್ಜಾರ, ಬಂದೀನ್ರಿ."

ಅಜ್ಜಾರು ಕಣ್ಣು ತೆರೆದರು.

"ಎಲ್ಲಾ ಆರಿಸಿ ಬಂದೀನಿ. ಇನ್ನ ಎಲ್ಲೂ ಹೋಗಂಗಿಲ್ಲ. ಫೋನೂ ತಂದಿಲ್ಲ. ಮನ್ಯಾಗ ಆಕಿ ಹಂಗ ಅದಾಳ್ರಿ, ಅಲ್ಲೇ ಅದಾಳ. ನನಗ ಕುಂದ್ರೋದು ಕಲಸ್ರಿ."

ಅಜ್ಜಾರ ತುಟಿ ಅಲುಗಿದವು. ಸಾವಂತ್ರೆವ್ವ ನೀರು ಹನಿಸಿದಳು.

"ಪೂರಾ ಬ್ಯಾಡ್ರಿ ಅಜ್ಜಾರ," ಗವಿಸಿದ್ದ ಅಳುತ್ತಿದ್ದ. "ನಿಮ್ಮ ಹಂಗ ಕುಂತಾಂವ್ರು ಯಾರದಾರ? ಮೊಸಳಿಗೂ ತಿಳೀಲಿಲ್ಲ ನೀವು ಮನುಷ್ಯಾರಂತ. ಅಷ್ಟು ವರ್ಷ ಕುಂತೀರಿ. ಅದರಾಗಿಂದ ಒಂದ ಮಾತು, ಒಂದ ಹೇಳಿ ಹೋಗ್ರಿ. ಮೊದಲ ಏನ ಮಾಡಬೇಕು?"

ಅಜ್ಜಾರು ಅವನ ಮುಖವನ್ನು, ಗುರುತು ಹಿಡಿಯುವವರ ಹಾಗೆ, ನಿಧಾನವಾಗಿ ನೋಡಿದರು.

"ನೀ 'ನಾಳಿ ಬರ್ತೀನಿ' ಅಂದಿ ನೋಡು ತಮ್ಮಾ, ಅವತ್ತಿನಿಂದ ನಾ ಕುಂತಿಲ್ಲ. ಬರೇ ಕಾದೀನಿ. ಕುಂದ್ರೋದು ಹೆಂಗಂತ ನನಗೂ ಮರತೈತಿ."