ಗಾಜಿನ ಬೀರುವಿನ ಬೆಲ್ಟು

ಕಟ್ಟಡ ಕಂಪನಿಯೊಂದರ ಸಿಬ್ಬಂದಿ ವಿಭಾಗದ ಗಾಜಿನ ಬೀರುವಿನಲ್ಲಿದ್ದ ಸುರಕ್ಷತಾ ಬೆಲ್ಟಿನ ಮೇಲೆ ಮಂಗಳವಾರ ಬೆಳಿಗ್ಗೆ ಚಿಟಿಕೆಯಷ್ಟು ಸಿಮೆಂಟ್ ಧೂಳು ಕಂಡುಬಂದು, ಕಚೇರಿಯಲ್ಲಿ ತೀವ್ರ ಆತಂಕ ಮೂಡಿತು. ಇಬ್ಬರು ಅಧಿಕಾರಿಗಳು ಮೃದುವಾದ ಬಟ್ಟೆಯಿಂದ ಅದನ್ನು ಒರೆಸಿದರು.

ಅವರು ಹೋದ ಮೇಲೆ ಸವೆದ ಹಗ್ಗವೊಂದು ಬೀರುವಿನ ಮುಂದೆ ಬಂದು ನಿಂತಿತು.

"ಅಣ್ಣಾವ್ರೇ, ಏಳನೇ ಮಹಡಿಯಲ್ಲಿ ಗಾರೆ ಕೆಲಸ ಮಾಡುವ ದ್ಯಾಮಪ್ಪ ನನ್ನನ್ನೇ ಸೊಂಟಕ್ಕೆ ಕಟ್ಟಿಕೊಂಡು ಜೋತಾಡುತ್ತಾನೆ. ನನ್ನಲ್ಲಿ ಉಳಿದಿರುವುದು ಒಂದೇ ಎಳೆ. ಇವತ್ತೊಂದು ದಿನ ನೀವು ಬನ್ನಿ."

"ನಾಳೆ ಸುರಕ್ಷತಾ ತಪಾಸಣೆ ಇದೆ ಕಣಯ್ಯಾ," ಎಂದಿತು ಬೆಲ್ಟು. "ಮೈಗೆಲ್ಲ ಗಾರೆ ಮೆತ್ತಿಕೊಂಡು ಸಾಹೇಬರ ಮುಂದೆ ನಿಲ್ಲಲೇ? ಕಾರ್ಮಿಕರ ಜೀವ ಅಂದರೆ ನಿನಗೆ ತಮಾಷೆಯೇ?"

"ಅವನು ಬಿದ್ದರೆ?"

"ಬೀಳಬಾರದು ಅಂತ ಗೇಟಿನಲ್ಲಿ ಮೂರು ಭಾಷೆಯಲ್ಲಿ ಬರೆಸಿದ್ದೇವಲ್ಲ. ಓದಿಕೊಳ್ಳಲಿ."

"ಅವನಿಗೆ ಓದು ಬಾರದು."

"ಹಾಗಾದರೆ ಅದು ತರಬೇತಿಯ ಕೊರತೆ. ಮುಂದಿನ ತಿಂಗಳು ಶಿಬಿರ ಮಾಡೋಣ."

"ಆಗಲಿ. ಆ ಒಂದು ಎಳೆಗೂ ಮುಂದಿನ ತಿಂಗಳವರೆಗೆ ತಡೆದುಕೊಳ್ಳಲು ಹೇಳುತ್ತೇನೆ," ಎಂದು ಹಗ್ಗ ಮಹಡಿಗೆ ಮರಳಿತು.

ಮಧ್ಯಾಹ್ನ ಹಗ್ಗ ಹರಿಯಿತು. ದ್ಯಾಮಪ್ಪ ಏಳನೇ ಮಹಡಿಯಿಂದ ಬಿದ್ದು ಸತ್ತ.

ಮರುದಿನ ಬಂದ ತಪಾಸಣಾಧಿಕಾರಿಗಳು ಬೀರು ತೆರೆಸಿ ನೋಡಿ, ಬೆಲ್ಟಿನಲ್ಲಿ ಯಾವುದೇ ದೋಷವಿಲ್ಲ ಎಂದು ವರದಿ ಬರೆದರು.