ಕವರಿನ ಅಂಚಿಗೆ ಕತ್ತರಿ

ಆ ಕಚೇರಿಯ ಆಪಿನಲ್ಲಿ ಸಿಬ್ಬಂದಿ ಏನು ಬರೆದುಕೊಂಡರೂ ಸಾಹೇಬರಿಗೆ ಕಾಣುತ್ತಿತ್ತು. "ಕಳಿಸಿದವರು, ಪಡೆದವರು ಬಿಟ್ಟು ಮೂರನೆಯವರು ಓದಲಾಗದ ಆಪಿದೆ, ಅದಕ್ಕೆ ಬನ್ರಪ್ಪಾ" ಎಂದು ಟಪಾಲು ಗುಮಾಸ್ತೆ ತಿಂಗಳಿಂದ ಗೋಗರೆಯುತ್ತಿದ್ದ. "ನಮ್ಮದನ್ನ ಓದಿ ಯಾರಿಗೇನಾಗಬೇಕು ಬಿಡಪ್ಪ" ಎಂದು ಗೆಳೆಯರು ಕದಲಲಿಲ್ಲ.

ಒಂದು ದಿನ ಟೈಪಿಸ್ಟ್ ಸರ್ವಮಂಗಳಾ ತನ್ನ ಗರ್ಭಕೋಶದ ಕಾಯಿಲೆಯ ಬಗ್ಗೆ ಗೆಳತಿಗೆ ಬರೆದಿದ್ದನ್ನು ಸಾಹೇಬರು ಮೀಟಿಂಗಿನಲ್ಲಿ ಎಲ್ಲರೆದುರು ಓದಿದರು. ಓದಿದ್ದು ಸಾಲದು ಅಂತ ನಕ್ಕರು ಬೇರೆ! ಆಕೆ ತಲೆ ಎತ್ತಲಿಲ್ಲ.

"ಇದು ಅನ್ಯಾಯ ಸಾರ್" ಎಂದ ಗುಮಾಸ್ತೆ.

"ಬೀಗದ ಆಪು ಅಂತ ಎಲ್ಲರ ತಲೆ ಕೆಡಿಸ್ತಿರೋನು ನೀನೇ ತಾನೆ? ಸಾಚಾ ಮನುಷ್ಯನಿಗೆ ಮುಚ್ಚಿಡೋಕೇನಿರುತ್ತೆ? ಇನ್ಮೇಲೆ ಈ ಕಚೇರಿಯಲ್ಲಿ ಗುಟ್ಟು ಅನ್ನೋದೇ ಇರಬಾರದು. ಇದು ನನ್ನ ಆರ್ಡರ್!"

"ಆಗಲಿ ಸಾರ್."

ಟಪಾಲು ಬಿಚ್ಚಿ, ಸೀಲು ಒತ್ತಿ, ಎಲ್ಲ ಟೇಬಲ್ಲಿಗೂ ತಿರುಗಿಸುವುದು ಗುಮಾಸ್ತೆಯ ಕೆಲಸ. 'ಖಾಸಗಿ' ಎಂದು ಬರೆದ ಕವರನ್ನು ಮಾತ್ರ ಅವನು ಬಿಚ್ಚುವಂತಿಲ್ಲ. ಮೀಟಿಂಗಿಗೆ ಬರುವಾಗ ಅವನು ಕೈಯಲ್ಲೇ ಹಿಡಿದು ತಂದಿದ್ದ ಅಂದಿನ ಟಪಾಲು ಕಟ್ಟಿನಲ್ಲಿ ಸಾಹೇಬರ ಹೆಸರಿಗೇ ಅಂಥದ್ದೊಂದು ಬಂದಿತ್ತು. ಅದನ್ನೆತ್ತಿ ಅಂಚಿಗೆ ಕತ್ತರಿ ಇಟ್ಟ.

"ಇಲ್ಲೇ ಬಿಚ್ಚಿ ಓದಿಬಿಡಲಾ ಸಾರ್?"

ಸಾಹೇಬರು ಎರಡು ಕುರ್ಚಿ ಬೀಳಿಸಿಕೊಂಡು ಬಂದು ಕವರು ಕಿತ್ತುಕೊಂಡರು. "ಏಯ್! ಅದು ನನ್ನ ಡಾಕ್ಟರ ರಿಪೋರ್ಟು!"

"ಮುಚ್ಚಿಡೋ ಅಂಥದ್ದೇನಿದೆ ಸಾರ್ ಅದರಲ್ಲಿ?"

"ಏನೂ ಇಲ್ಲ ಕಣಯ್ಯ! ಏನೂ ಇಲ್ದಿದ್ರೂ ಅದು ನನ್ನದು!"

ಗುಮಾಸ್ತೆ ಆ ಮಾತನ್ನು ಹಾಗೇ ಹಾಳೆಯ ಮೇಲೆ ಬರೆದು ಮುಂದಿಟ್ಟ. "ಇದಕ್ಕೊಂದು ಸಹಿ ಹಾಕಿ ಸಾರ್. ಎಲ್ಲ ಟೇಬಲ್ಲಿಗೂ ತಿರುಗಿಸ್ತೀನಿ. ಮೊದಲು ಸರ್ವಮಂಗಳಾ ಅವರ ಟೇಬಲ್ಲಿಗೆ."

ಸಹಿ ಬೀಳಲಿಲ್ಲ. ಸಂಜೆ ಮಾತ್ರ ಗುಮಾಸ್ತೆಯ ಟೇಬಲ್ಲಿನ ಮುಂದೆ ಕಚೇರಿಗೆ ಕಚೇರಿಯೇ ಫೋನು ಹಿಡಿದು ಸಾಲು ನಿಂತಿತ್ತು.