ಸಾವ್ಕಾರ ಕಟ್ಟಿಸಿದ ಪಾಯಖಾನೆ

ಕೂಲಿಯವರನ್ನು ಚೆನ್ನಾಗಿ ನೋಡಿಕೊಳ್ಳುವ ತೋಟಕ್ಕೆ ನ್ಯಾಯ ವ್ಯಾಪಾರದ ಮುದ್ರೆ ಸಿಗುತ್ತದೆ. ಮುದ್ರೆ ಬಿದ್ದ ಹಣ್ಣಿಗೆ ನಾವು ವ್ಯಾಪಾರಿಗಳು ಹೆಚ್ಚು ದರ ಕೊಡಲೇಬೇಕು. ಆ ಆಸೆಗೆ ತಿಕೋಟಾ ಕಡೆಯ ಬಸಲಿಂಗಪ್ಪ ಸಾವ್ಕಾರ ತನ್ನ ದ್ರಾಕ್ಷಿ ತೋಟದಲ್ಲಿ ಹೆಣ್ಣಾಳುಗಳಿಗೆಂದು ಪಾಯಖಾನೆ ಕಟ್ಟಿಸಿದ. ಹೊಲಸಾದೀತೆಂದು ಬೀಗವನ್ನೂ ಜಡಿದ. ಹೆಂಗಸರಿಗೆ ಮೊದಲಿನಂತೆ ಜೋಳದ ಹೊಲವೇ ಗತಿಯಾಯಿತು.

ಮುದ್ರೆಯವರ ತಪಾಸಣೆಯ ದಿನ ಸಾವ್ಕಾರ ಹಳೆಯ ಆಳು ಶಾವಂತ್ರೆವ್ವನನ್ನು ಕರೆದು ಗದರಿದ: "ಮೇಡಮ್ಮಾರು ಏನ್ ಕೇಳಿದ್ರೂ ಬಾಯಿ ಬಿಡಬ್ಯಾಡ. ಬಿಟ್ಟಿ ಅಂದ್ರ, ನಾಳಿಂದ ಕೆಲಸಿಲ್ಲ."

"ಆತ್ರೀ ಸಾವ್ಕಾರ್ರ."

ತಪಾಸಣೆಯ ಮೇಡಂ ಬಂದವರೇ, "ನೀವು ಪಾಯಖಾನೆಗೆ ಎಲ್ಲಿ ಹೋಗ್ತೀರಮ್ಮ? ತೋರಿಸಿ," ಎಂದರು.

ಶಾವಂತ್ರೆವ್ವ ತುಟಿ ಪಿಟಕ್ಕೆನ್ನಲಿಲ್ಲ. ಮುಂದೆ ನಡೆದು, ಅವರನ್ನು ಜೋಳದ ಹೊಲದ ನಡುವೆ ತಂದು ನಿಲ್ಲಿಸಿದಳು.

ಸಾವ್ಕಾರ ಧೋತರ ಎತ್ತಿಕೊಂಡು ಓಡಿಬಂದ. "ಅಲ್ಲಬೇ, ಇಲ್ಯಾಕ! ನಿಮಗಂತ ಅಲ್ಲಿ ಕಟ್ಟಿಸೀನಲ್ಲ!"

ಶಾವಂತ್ರೆವ್ವ ತೋಟಕ್ಕೆಲ್ಲ ಕೇಳುವಂತೆ ಕೂಗಿದಳು: "ಬರ್ರೆವ್ವಾ ಎಲ್ಲಾರೂ! ಅದು ನಮಗಂತ! ಮೇಡಮ್ಮಾರ ಮುಂದ ಸಾವ್ಕಾರ್ರ ಹೇಳ್ಯಾರ!"

ಹೆಂಗಸರು ಪಾಯಖಾನೆಯ ಬಾಗಿಲಿಗೆ ಪಾಳಿ ಹಚ್ಚಿದರು. ಬೀಗದ ಕೈ ಸಾವ್ಕಾರನ ಉಡದಾರದಲ್ಲಿತ್ತು. ಮೇಡಂ ನೋಡುತ್ತಲೇ ಇದ್ದರು. ಅವನ ಬೆವರುಗೈಗೆ ಗಂಟು ಬಿಚ್ಚಲೊಲ್ಲದು.

ಶಾವಂತ್ರೆವ್ವ ದ್ರಾಕ್ಷಿ ಗೊನೆಯ ಕತ್ತರಿ ಹಿಡಿದು ಹತ್ತಿರ ಬಂದಳು. "ಅಲುಗಾಡಬ್ಯಾಡ್ರೀ ಸಾವ್ಕಾರ್ರ, ನಾ ಕತ್ತರಸ್ತೀನಿ."